ಮಂದಾಕಿನಿ ಟೀಚರ್ ಬಾಯಿ ಮುಚ್ಚಿದ ದಿನ

ನಮ್ಮ ಊರಿನಲ್ಲಿ ಮಾತು ತೂಗುವ ಕೆಲಸ ನನ್ನದು. ನನಗಿಂತ ಮುಂಚೆ ನಮ್ಮಪ್ಪ ತೂಗುತ್ತಿದ್ದ, ಅವನಿಗಿಂತ ಮುಂಚೆ ಅವನ ಸೋದರಮಾವ. ಮೀನು ಮಾರ್ಕೆಟ್ಟು ಮುಗಿದು ಪುರಸಭೆಯ ಕಟ್ಟಡ ಶುರುವಾಗುವ ಜಾಗದಲ್ಲಿ ಮೂರು ಮೆಟ್ಟಿಲಿನ ಕಲ್ಲುಕಟ್ಟೆ ಇದೆ, ಅದರ ಮೇಲೆ ಆಳೆತ್ತರದ ಹಿತ್ತಾಳೆ ತಕ್ಕಡಿ. ಎಡಗಡೆಯ ತಟ್ಟೆಯ ಮೇಲೆ ಬಾಗಿ ಜನ ಮಾತಾಡುತ್ತಾರೆ, ಬಲಗಡೆಯ ತಟ್ಟೆಗೆ ನಾನು ತೂಕದ ಬಟ್ಟು ಇಡುತ್ತೇನೆ. ಮಾತು ಮುಗಿದ ಮೇಲೆ ಒಣಬಟ್ಟೆಯಿಂದ ತಟ್ಟೆ ಒರೆಸಿ ಮುಂದಿನವರನ್ನು ಕರೆಯುತ್ತೇನೆ. ಒರೆಸದಿದ್ದರೆ ಹಿಂದಿನವರ ಮಾತು ಮುಂದಿನವರ ಮಾತಿಗೆ ಅಂಟಿಕೊಳ್ಳುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೆ ಒಂದು ಹುಡುಗಿಯ ಮದುವೆಯ ಒಪ್ಪಿಗೆಯೂ ಒಬ್ಬ ಮೀನಿನವಳ ಬೈಗುಳವೂ ಸೇರಿಹೋಗಿ, ಎರಡು ಮನೆಯವರಿಗೂ ಸಮಾಧಾನ ಹೇಳುವುದರಲ್ಲಿ ನನಗೆ ಸಾಕುಸಾಕಾಗಿತ್ತು.

ಕೂಗಿದರೆ ಮಾತು ಹೆಚ್ಚು ತೂಗುವುದಿಲ್ಲ, ಪಿಸುಗುಟ್ಟಿದರೆ ಕಡಿಮೆಯೂ ಆಗುವುದಿಲ್ಲ. ಇನ್ನುಮೇಲೆ ಕುಡಿಯುವುದಿಲ್ಲ ಎಂದು ಆಣೆ ಇಡುವವರ ಮಾತು ಒಂದು ತೊಲ ದಾಟಿದ್ದನ್ನು ನಾನು ಕಂಡಿಲ್ಲ. ಒಬ್ಬಳು ಬಾಣಂತಿ ‘ನನಗೆ ನಿದ್ದೆ ಬೇಕು’ ಎಂದಿದ್ದು ಒಂದೂವರೆ ಸೇರು ತೂಗಿತ್ತು. ಪುರಸಭೆಯಿಂದ ಯಾರಿಗೆ ಏನು ಬೇಕಾದರೂ ಕಟ್ಟೆ ಹತ್ತಿಯೇ ಕೇಳಬೇಕು, ಮಾತು ಕಾಲು ಸೇರಾದರೂ ತೂಗಬೇಕು. ತೂಗಿದರೆ ಮಾತಾಡಿದವರ ಹೆಸರು, ಏನು ಹೇಳಿದರು, ಎಷ್ಟು ತೂಗಿತು ಎಂದು ಪುಸ್ತಕದಲ್ಲಿ ಬರೆಯುತ್ತೇನೆ. ಊರಿನ ಜನಕ್ಕೆ ಇದೆಲ್ಲ ರೂಢಿ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ನೇರ ಇಲ್ಲಿಗೆ ಬರುತ್ತಾರೆ. ಪುರಸಭೆಯ ಅಧ್ಯಕ್ಷರು ಮಾತ್ರ ಈ ಕಡೆ ಸುಳಿಯುವುದಿಲ್ಲ. ಅವರಿಗೆ ಯಾವಾಗಲೂ ಗಂಟಲು ಕೆಟ್ಟಿರುತ್ತದೆ.

ಇನ್ನೊಂದು ನಿಯಮ ಇದೆ. ಯಾವ ಕೇರಿಯಿಂದ ಹನ್ನೆರಡು ವರ್ಷ ಒಬ್ಬರ ಮಾತೂ ತಕ್ಕಡಿಗೆ ಬರುವುದಿಲ್ಲವೋ ಆ ಕೇರಿಯವರಿಗೆಲ್ಲ ಸೇರಿದ ಜಾಗ ಪುರಸಭೆಗೆ ಹೋಗುತ್ತದೆ. ಬಾಯಿಯಿಲ್ಲದ ಜಾಗ ಅಂತ ಅದಕ್ಕೆ ಹೆಸರು. ನಮ್ಮ ಊರಿನಲ್ಲಿ ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿರುವ ಕೇರಿಯೇ ಇಲ್ಲ ಎಂದುಕೊಂಡಿದ್ದರಿಂದ ಆ ನಿಯಮ ಯಾರ ನೆನಪಿನಲ್ಲೂ ಇರಲಿಲ್ಲ.

ಈಗ ಮಂದಾಕಿನಿ ಟೀಚರ್ ವಿಷಯಕ್ಕೆ ಬರುತ್ತೇನೆ. ಅವರು ಸರ್ಕಾರಿ ಶಾಲೆಯಲ್ಲಿ ಮೂವತ್ತಾರು ವರ್ಷ ಲೆಕ್ಕ ಕಲಿಸಿದವರು. ನನಗೂ ಕಲಿಸಿದರು. ನಾಲ್ಕನೇ ಕ್ಲಾಸಿಗೆ ನಾನು ಶಾಲೆ ಬಿಟ್ಟಾಗ ಮನೆವರೆಗೆ ಬಂದು ನಮ್ಮಪ್ಪನಿಗೆ ಬೈದು ಹೋದವರು ಅವರೊಬ್ಬರೇ. ಕುಳ್ಳಗಿನ ಹೆಂಗಸು, ಚಪ್ಪಲಿ ಸದ್ದು ಬೀದಿಯ ಆ ತುದಿಯಿಂದ ಕೇಳುತ್ತದೆ. ಐವತ್ತೆಂಟಕ್ಕೆ ನಿವೃತ್ತಿಯಾಯಿತು. ಹಾರ ಹಾಕಿ, ಶಾಲು ಹೊದೆಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮುಂದಿನ ವಾರವೇ ಮಂಡಿ ನೋವಿಗೆ ಔಷಧಿ ತರಲು ಆಸ್ಪತ್ರೆಗೆ ಹೋದವರು ಅಲ್ಲಿ ಹಗ್ಗದ ಕೇರಿಯ ಒಬ್ಬ ಆಳನ್ನು ಕಂಡರು. ಅವನ ಅಂಗೈ ಸುಲಿದುಹೋಗಿತ್ತು. ನರ್ಸು ಮುಲಾಮು ಹಚ್ಚಲು ಬಂದಾಗಲೆಲ್ಲ ಅವನು ಕೈ ಹಿಂದಕ್ಕೆ ಎಳೆದುಕೊಂಡು ಏನೋ ಹೇಳುತ್ತಿದ್ದ. ಅದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಇಬ್ಬರು ಅವನನ್ನು ಅದುಮಿ ಹಿಡಿದು ಹಚ್ಚಿದರು. ಸಂಜೆಯ ಹೊತ್ತಿಗೆ ಕೈ ಕುಂಬಳಕಾಯಿಯಂತೆ ಊದಿಕೊಂಡಿತು. ಆ ಮುಲಾಮು ತನಗೆ ಆಗುವುದಿಲ್ಲ ಎಂದೇ ಅವನು ಅಷ್ಟೂ ಹೊತ್ತು ಹೇಳುತ್ತಿದ್ದದ್ದು, ಫ್ರೆಂಚಿನಲ್ಲಿ.

ಹಗ್ಗದ ಕೇರಿಯವರು ಆಡುವುದು ಫ್ರೆಂಚು. ಅರವತ್ತು ಮನೆ. ಅವರು ಎಲ್ಲಿಂದ ಬಂದರು, ಯಾವಾಗ ಬಂದರು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಂದರಿನಲ್ಲಿ ದೋಣಿ ಇದ್ದಾಗಿನಿಂದ ಅವುಗಳನ್ನು ಕಟ್ಟುವ ಹಗ್ಗ ಇದೆ, ಹಗ್ಗ ಇದ್ದಾಗಿನಿಂದ ಅವರಿದ್ದಾರೆ. ಕೇರಿಯ ಹಿಂದೆ ಅವರ ಹಗ್ಗದ ಅಂಗಳ, ಇನ್ನೂರು ಮಾರು ಉದ್ದ, ಬಾಚಣಿಗೆಯಲ್ಲಿ ಬೈತಲೆ ತೆಗೆದಷ್ಟು ನೇರ. ಒಂದು ತುದಿಯಲ್ಲಿ ಒಬ್ಬರು ರಾಟೆ ತಿರುಗಿಸುತ್ತಾರೆ. ಇನ್ನೊಬ್ಬರು ಸೊಂಟಕ್ಕೆ ನಾರು ಸುತ್ತಿಕೊಂಡು, ಬೆರಳಲ್ಲಿ ಬಿಡುತ್ತ, ಬೆನ್ನು ಹಿಂದೆ ಮಾಡಿ ಹೆಜ್ಜೆ ಹೆಜ್ಜೆಯಾಗಿ ಆ ತುದಿಯವರೆಗೆ ಹಿಂದಕ್ಕೆ ನಡೆಯುತ್ತಾರೆ. ಅಂಗಳ ಎಷ್ಟು ಉದ್ದವೋ ಹಗ್ಗ ಅಷ್ಟೇ ಉದ್ದ. ಗಿಡ್ಡ ಹಗ್ಗಗಳನ್ನು ಗಂಟು ಹಾಕಿ ದೋಣಿ ಕಟ್ಟಲು ಬರುವುದಿಲ್ಲ. ಇಷ್ಟು ದೂರದಿಂದ ಒಬ್ಬರಿಗೊಬ್ಬರು ಕೂಗಿ ಹೇಳಬೇಕಲ್ಲ, ಎಳೆ ಎನ್ನಲು ‘ತಿರೇ’, ಮೆಲ್ಲಗೆ ಎನ್ನಲು ‘ದುಸ್ಮಾಂ’. ಆ ಎರಡು ಮಾತು ನಮಗೂ ಬರುತ್ತವೆ. ನಮ್ಮ ಊರಿನ ಗಾಡಿಯವರು ಎತ್ತಿಗೂ ದುಸ್ಮಾಂ ಎಂದೇ ಹೇಳುವುದು.

ಟೀಚರ್ ಮಾರನೆಯ ದಿನವೇ ಒಂದು ಸ್ಲೇಟು ಹಿಡಿದುಕೊಂಡು ಹಗ್ಗದ ಕೇರಿಗೆ ಹೋಗಿ ಮದ್ಲೇನ್ ಅಜ್ಜಿಯ ಜಗುಲಿಯ ಮೇಲೆ ಕುಳಿತರು. ಮದ್ಲೇನ್ ಅಜ್ಜಿ ಎಂದರೆ ಆ ಕೇರಿಗೆ ಹಿರಿಯಳು, ಅವಳು ಹೂಂ ಅನ್ನದೆ ಅಲ್ಲಿ ನಾರು ನೆನೆಯುವುದಿಲ್ಲ. ‘ನನಗೆ ನಿಮ್ಮ ಮಾತು ಕಲಿಸಿ’ ಅಂದರು ಟೀಚರ್. ಕೇರಿಯ ಹೆಂಗಸರು ಅವರ ಉಚ್ಚಾರಣೆ ಕೇಳಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಟೀಚರ್ ಎಲ್ಲರಿಗಿಂತ ಜೋರಾಗಿ ನಕ್ಕು, ಮತ್ತೆ ಹೇಳಿದರು, ಮತ್ತೆ ಹೇಳಿದರು. ಎರಡು ವರ್ಷದಲ್ಲಿ ಅವರಿಗೆ ಅಲ್ಲಿಯ ಜಗಳ ಬಿಡಿಸುವಷ್ಟು ಫ್ರೆಂಚು ಬಂತು.

ಕಲಿಯುವುದು ಮುಗಿಯುವವರೆಗೆ ಕಾಯದೆ, ಮೊದಲ ತಿಂಗಳಿನಿಂದಲೇ ಅವರು ನನ್ನ ಕಟ್ಟೆ ಹತ್ತಲು ಶುರು ಮಾಡಿದ್ದರು. ಆಸ್ಪತ್ರೆಯಲ್ಲಿ ಫ್ರೆಂಚು ಬಲ್ಲವರೊಬ್ಬರು ಬೇಕು ಎಂದರು, ಎರಡು ಸೇರು ತೂಗಿತು, ನರ್ಸು ಬಂದಳು. ಶಾಲೆಯಲ್ಲಿ ಹಗ್ಗದ ಕೇರಿಯ ಮಕ್ಕಳಿಗೆ ದಿನಕ್ಕೊಂದು ಗಂಟೆ ಅವರ ಭಾಷೆಯ ಪಾಠ ಎಂದರು, ಎರಡೂವರೆ ಸೇರು, ಅದೂ ಬಂತು. ನಲ್ಲಿ ಬಂತು, ರೇಷನ್ ಅಂಗಡಿಯ ಬೋರ್ಡು ಎರಡು ಭಾಷೆಯಲ್ಲಿ ಬಂತು. ಯಾರೂ ಹೇಳಿರಲಿಲ್ಲ, ಯಾರೂ ಸಂಬಳ ಕೊಡಲಿಲ್ಲ. ಕಟ್ಟೆಯ ಮೇಲೆ ನಿಂತು ‘ನಮ್ಮ ಕೇರಿ’ ಎಂದು ಅವರು ಶುರು ಮಾಡುತ್ತಿದ್ದ ರೀತಿಗೆ ನಾನು ಬಟ್ಟು ಇಡುವ ಮುಂಚೆಯೇ ತಟ್ಟೆ ಇಳಿಯುತ್ತಿತ್ತು. ಅವರ ಕೈಕೆಳಗೆ ಮಗ್ಗಿ ಕಲಿಯದೆ ಓಡಿಹೋದವನು ನಾನು, ಆದರೂ ಅವರ ಶಿಷ್ಯ ಎಂದು ಪಕ್ಕದ ಊರುಗಳಲ್ಲಿ ಜಂಬ ಕೊಚ್ಚಿಕೊಂಡಿದ್ದೇನೆ.

ಹೀಗೆ ಹನ್ನೆರಡು ವರ್ಷ ಆಗುತ್ತ ಬಂದಾಗ ಒಂದು ಬುಧವಾರ ಬೆಳಿಗ್ಗೆ ಟೀಚರ್ ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಮಾರ್ಕೆಟ್ಟಿನ ನಡುವಿನಿಂದ ಬಂದರು. ಹಿಂದೆಯೇ ಪುರಸಭೆಯ ಕಾರ್ಯದರ್ಶಿ ವಾಮನಮೂರ್ತಿಗಳು. ಅವರು ಕೆಟ್ಟ ಮನುಷ್ಯರಲ್ಲ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು, ನಿಯಮ ಎಂದರೆ ಮಾತ್ರ ಹಸಿದವರಿಗೆ ಊಟ ಕಂಡ ಹಾಗೆ.

‘ಲೋ ಚೆನ್ನಿಗ, ಪುಸ್ತಕ ತೆಗಿ’ ಅಂದರು ಟೀಚರ್. ನನ್ನ ಹೆಸರು ಚೆನ್ನಿಗರಾಯ, ಐವತ್ತೈದು ವಯಸ್ಸು. ಅವರಿಗೆ ನಾನು ಈಗಲೂ ಕೊನೆಯ ಬೆಂಚಿನವನು. ‘ಇವ್ರು ಹಗ್ಗದ ಕೇರಿಗೆ ನೋಟೀಸ್ ಹಚ್ಚಿದಾರೆ. ಹನ್ನೆರಡು ವರ್ಷದಿಂದ ಆ ಕೇರಿಯವರ ಮಾತೇ ತೂಗಿಲ್ವಂತೆ. ಬರೋ ಸೋಮವಾರ ಗಡುವು ಮುಗಿಯತ್ತಂತೆ, ಅಂಗಳ ಪುರಸಭೆಗಂತೆ, ಅಲ್ಲಿ ಬಸ್ ಸ್ಟ್ಯಾಂಡ್ ಕಟ್ತಾರಂತೆ! ನಾನು ಇಲ್ಲಿ ಎಷ್ಟು ಸಲ ನಿಂತಿದೀನಿ ಅಂತ ತೋರ್ಸು ಇವ್ರಿಗೆ.’

‘ನೀವು ನಿಂತಿದ್ದು ನನಗೆ ಗೊತ್ತಮ್ಮ’ ಅಂದರು ಕಾರ್ಯದರ್ಶಿ. ‘ನನ್ನ ಮಗಳಿಗೆ ಲೆಕ್ಕ ಹೇಳ್ಕೊಟ್ಟೋರು ನೀವು. ಆದ್ರೆ ಹೆಸರು ನೋಡ್ಬೇಕು.’

ನಾನು ಪುಸ್ತಕ ತೆಗೆದೆ. ಹನ್ನೆರಡು ವರ್ಷದ ಹಾಳೆ ಒಂದೊಂದಾಗಿ ತಿರುವಿದೆ. ಹಗ್ಗದ ಕೇರಿಯ ಪರವಾಗಿ ನಲವತ್ಮೂರು ಅರ್ಜಿ. ನಲವತ್ಮೂರರ ಮುಂದೆಯೂ ನನ್ನ ಸೊಟ್ಟ ಅಕ್ಷರದಲ್ಲಿ ಒಂದೇ ಹೆಸರು, ಮಂದಾಕಿನಿ. ವಾಸ, ಶಾಲೆ ಬೀದಿ. ನಿಯಮದ ಪ್ರಕಾರ ಬರೆಯಬೇಕಾದದ್ದು ಮಾತಾಡಿದವರ ಹೆಸರು, ನಾನು ಅದನ್ನೇ ಬರೆದಿದ್ದೆ. ಹಗ್ಗದ ಕೇರಿಯವರ ಹೆಸರು ಕೊನೆಯ ಬಾರಿ ಇದ್ದದ್ದು ಟೀಚರ್ ಬರುವ ಮುಂಚೆ. ಬಾಸ್ತಿಯಾಂ ಅನ್ನುವವನ ಅಪ್ಪ ಕಟ್ಟೆ ಹತ್ತಿ ಬಹಳ ಕಷ್ಟದಿಂದ ನಮ್ಮ ಭಾಷೆಯಲ್ಲಿ ‘ನೀರು ಬೇಕು’ ಎಂದಿದ್ದ. ಎರಡೇ ಮಾತು, ಕಾಲು ಸೇರಿಗೆ ಒಂದು ಕೂದಲು ಹೆಚ್ಚು. ಅವನು ಸತ್ತೇ ಹತ್ತು ವರ್ಷವಾಗಿತ್ತು.

ಟೀಚರ್ ಕಟ್ಟೆಯ ಅಂಚಿನ ಮೇಲೆ ಕುಳಿತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ಹಾಳೆ ತಿರುವಿ ಮೊದಲಿನಿಂದ ನೋಡಿದರು. ಅವರು ಕಡೆಗೆ ಹೇಳಿದ್ದು ಇಷ್ಟೇ: ‘ಅವರ ಬಾಯಿ ನಾನೇ ತಿಂದ್ಬಿಟ್ನಲ್ಲೋ ಚೆನ್ನಿಗ.’

‘ಬರೆದೋನು ನಾನು ಟೀಚರ್’ ಅಂದೆ. ಅದು ಅವರನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ. ನಲವತ್ಮೂರು ಸಲ ಅದೇ ಹೆಸರು ಬರೆಯುವಾಗ ಒಮ್ಮೆಯಾದರೂ ನನ್ನ ಕೈ ನಿಲ್ಲಬೇಕಾಗಿತ್ತು.

ಕಾರ್ಯದರ್ಶಿ ಕೆಮ್ಮಿದರು. ‘ಇನ್ನೂ ಐದು ದಿನ ಇದೆ. ಆ ಕೇರಿಯವರು ಯಾರಾದ್ರೂ ಒಬ್ಬರು, ತಮ್ಮ ಸ್ವಂತ ಬಾಯಲ್ಲಿ, ಕಾಲು ಸೇರು ಮಾತಾಡಿದ್ರೆ ನೋಟೀಸ್ ಹರಿದು ಹಾಕ್ತೀನಿ. ನಿಮ್ಮದು ನೂರು ಸೇರು ತೂಗಿದ್ರೂ ಆಗಲ್ಲ ಅಮ್ಮ.’ ಅಷ್ಟು ಹೇಳಿ ಅವರು ಕೈಮುಗಿದು ಹೋದರು.

ಕಾಲು ಸೇರು ಏನು ಮಹಾ ಎಂದು ಬೇರೆ ಊರಿನವರು ಕೇಳಬಹುದು. ಹಗ್ಗದ ಕೇರಿಯವರಿಗೆ ಅದು ಮಹಾ. ನಲವತ್ತು ವರ್ಷದ ಹಿಂದೆ ಮದ್ಲೇನ್ ಅಜ್ಜಿಯ ಗಂಡ ಎಮಿಲ್ ಬಂದರಿನಲ್ಲಿ ಕಟ್ಟಿದ್ದ ದೋಣಿ ಬಿಡಿಸಿಕೊಂಡು ಹೋದಾಗ ಅದಕ್ಕೆ ಸಿಕ್ಕಿ ಸತ್ತ. ದೋಣಿಯ ಮಾಲೀಕ ಹಗ್ಗ ಕೆಟ್ಟದಿತ್ತು ಅಂದ. ಹಗ್ಗ ಹೊಸೆದವಳು ಅವಳೇ. ಹಗ್ಗ ಗಟ್ಟಿಯಿತ್ತು, ಅದನ್ನು ಕಟ್ಟಿದ ಕಂಬ ಲಡ್ಡಾಗಿ ಮುರಿಯಿತು ಎಂದು ಹೇಳಲು ಅವಳು ಇದೇ ಕಟ್ಟೆ ಹತ್ತಿದಳು. ಆಗ ತೂಗುತ್ತಿದ್ದದ್ದು ನಮ್ಮಪ್ಪ. ತಕ್ಕಡಿಗೆ ಊರಿನ ಮಾತು ಬಿಟ್ಟು ಬೇರೆ ತಿಳಿಯುವುದಿಲ್ಲ ಎಂದು ಎಲ್ಲರೂ ನಂಬಿದ್ದರು, ಅವಳೂ ನಂಬಿದ್ದಳು. ಬಾರದ ಭಾಷೆಯಲ್ಲಿ ತಡವರಿಸುತ್ತ ಅವಳು ಹೇಳಿದ್ದು ಎರಡು ತೊಲವೂ ಬರಲಿಲ್ಲ. ಜನ ನಕ್ಕರು. ಅವಳು ಕೆಳಗಿಳಿದು ಹೋದವಳು ಮೀನು ತರಲು ಕೂಡ ಈ ಕಡೆ ಬರಲಿಲ್ಲ. ಕೇರಿಯವರೂ ಅಂದಿನಿಂದ, ಬಾಸ್ತಿಯಾಂನ ಅಪ್ಪನಂಥ ಒಬ್ಬಿಬ್ಬರು ಬಿಟ್ಟರೆ, ಕಟ್ಟೆ ಎಂದರೆ ಮುಖ ತಿರುಗಿಸುತ್ತಿದ್ದರು.

ಆ ದಿನ ಮಧ್ಯಾಹ್ನ ತಕ್ಕಡಿಗೆ ಬೀಗ ಹಾಕಿ ನಾನೂ ಟೀಚರ್ ಜೊತೆಗೆ ಹೋದೆ. ಅಂಗಳದಲ್ಲಿ ಕೆಲಸ ನಡೆದಿತ್ತು. ಎಂಬತ್ತು ಹತ್ತಿರ ಬಂದ ಮದ್ಲೇನ್ ಅಜ್ಜಿ ಸೊಂಟಕ್ಕೆ ನಾರು ಸುತ್ತಿಕೊಂಡು, ಹಿಂದೆ ನೋಡದೆ, ಎಡವದೆ, ಹಿಂದಕ್ಕೆ ಬರುತ್ತಿದ್ದಳು. ನಮ್ಮ ಹತ್ತಿರ ಬಂದು ನಿಂತು ನಾರು ಬಿಚ್ಚಿದಳು. ಅವಳ ಅಣ್ಣನ ಮಗ ಬಾಸ್ತಿಯಾಂ ರಾಟೆ ಬಿಟ್ಟು ಓಡಿ ಬಂದ. ಅವನಿಗೆ ನಮ್ಮ ಮಾತು ಚೆನ್ನಾಗಿ ಬರುತ್ತದೆ, ಮಾರ್ಕೆಟ್ಟಿನಲ್ಲಿ ಹಗ್ಗ ಮಾರುವವನು ಅವನೇ.

ಟೀಚರ್ ಎಲ್ಲ ಹೇಳಿದರು, ತಮ್ಮ ತಪ್ಪನ್ನೂ ಸೇರಿಸಿ. ಅಜ್ಜಿ ಕೇಳಿಸಿಕೊಂಡಳು. ಮತ್ತೆ ನಿಧಾನವಾಗಿ ಫ್ರೆಂಚಿನಲ್ಲಿ ಏನೋ ಶುರು ಮಾಡಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಟೀಚರ್ ನನ್ನ ಕಡೆ ತಿರುಗಿ, ‘ಭಯ ಅಂತಿದಾಳೆ, ಪಾಪ, ಹಳೇದು ನೆನಪಾಗ್ತಿದೆ’ ಅಂದರು. ಅಜ್ಜಿ ಬಾಯಿ ಮುಚ್ಚಿದಳು. ಇನ್ನೊಂದು ಸಲ ಶುರು ಮಾಡಿದಳು. ಟೀಚರ್ ಅದನ್ನೂ ಮುಗಿಸಿಕೊಟ್ಟರು. ‘ನೀವು ಬೇರೆ ಯಾರನ್ನಾದ್ರೂ ಕಳಿಸಿ ಅಂತಾಳೆ.’ ನಾನು ಅಜ್ಜಿಯ ಮುಖ ನೋಡಿದೆ. ತೂಗುವ ಕೆಲಸದವನಿಗೆ ಬಾಯಿಗಿಂತ ಮುಖದ ಮೇಲೆ ಕಣ್ಣು ಹೆಚ್ಚು. ಅವಳು ಹೇಳಲು ಹೊರಟಿದ್ದು ಅದಲ್ಲ ಅನ್ನಿಸಿತು. ಆದರೆ ಮಂದಾಕಿನಿ ಟೀಚರಿಗೆ ಸುಮ್ಮನಿರಿ ಎಂದು ಹೇಳುವ ಧೈರ್ಯ ಊರಿನಲ್ಲಿ ಯಾರಿಗಿದೆ?

‘ನೀನು ಹತ್ತಬಾರ್ದಾ?’ ಅಂತ ಕೇಳಿದೆ ಬಾಸ್ತಿಯಾಂನನ್ನು ನೋಡಿ, ‘ನಿಂಗೆ ನಮ್ಮ ಮಾತು ಬರತ್ತೆ.’

‘ನಿಮ್ಮ ಮಾತಲ್ಲಿ ನಾನು ಹಗ್ಗ ಮಾರ್ತೀನಿ ಅಣ್ಣ, ಅಷ್ಟೇ’ ಅಂದ ಅವನು. ‘ಅಳೋಕೆ, ಬೈಯೋಕೆ, ಕೇಳ್ಕೊಳ್ಳೋಕೆ ಅದ್ರಲ್ಲಿ ಬರಲ್ಲ. ಆಮೇಲೆ, ಅಜ್ಜಿ ಇಳಿದು ಬಂದ ಕಟ್ಟೇನ ನಾವು ಹತ್ತೋದಾ? ಅವಳು ಮೊದಲು ಹತ್ತಲಿ. ಹಿಂದೆ ಕೇರಿಗೆ ಕೇರೀನೇ ಹತ್ತತ್ತೆ.’

‘ಹಂಗಾದ್ರೆ ನಿಮ್ಮ ಮಾತಲ್ಲೇ ಹೇಳಿ’ ಅಂದೆ. ‘ತಕ್ಕಡಿಗೆ ಫ್ರೆಂಚು ಗೊತ್ತಿಲ್ಲ ಅಂತ ಯಾರು ನೋಡಿದಾರೆ? ಯಾರೂ ಆಡಿಲ್ಲ, ಅದಕ್ಕೇ ಗೊತ್ತಿಲ್ಲ. ಅರ್ಥ ಏನೂಂತ ಆಮೇಲೆ ಕೆಳಗೆ ನಿಂತು ಟೀಚರ್ ಹೇಳಲಿ, ನಾನು ಬರ್ಕೋತೀನಿ.’

ಬಾಸ್ತಿಯಾಂ ಅದನ್ನು ಅಜ್ಜಿಗೆ ಹೇಳಿದ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಭಾಷೆಯಲ್ಲೇ, ‘ನೀನು ತೂಗೋನ ಮಗ’ ಅಂದಳು. ಹೌದು ಅಂದೆ. ‘ನಿಮ್ಮಪ್ಪ ನಗಲಿಲ್ಲ’ ಅಂದಳು. ಅಷ್ಟೇ ಹೇಳಿ ಮತ್ತೆ ನಾರು ಸೊಂಟಕ್ಕೆ ಸುತ್ತಿಕೊಂಡು ಹೋದಳು. ಬರುತ್ತೇನೆ ಎಂದಳೋ ಬರುವುದಿಲ್ಲ ಎಂದಳೋ ತಿಳಿಯಲಿಲ್ಲ. ಬರುತ್ತಾಳೆ ಎಂದೇ ಟೀಚರ್ ದಾರಿಯುದ್ದಕ್ಕೂ ನನಗೆ ವಿವರಿಸಿ ಹೇಳಿದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಾರ್ಕೆಟ್ಟು ಎಂದೂ ಇಲ್ಲದಷ್ಟು ತುಂಬಿತ್ತು. ಹಗ್ಗದ ಕೇರಿಯವರು ಅರವತ್ತು ಮನೆಯವರೂ ಒಗೆದ ಬಟ್ಟೆ ಉಟ್ಟು ಒಂದು ಮಗ್ಗುಲಲ್ಲಿ ನಿಂತಿದ್ದರು. ಕಾರ್ಯದರ್ಶಿಗಳು ಕುರ್ಚಿ ಹಾಕಿಸಿಕೊಂಡು ಕುಳಿತು, ‘ಅಮ್ಮ, ತೂಗಿ ಮುಗಿಯೋವರ್ಗೂ ನೀವು ಬಾಯಿ ಬಿಡಬಾರ್ದು’ ಅಂತ ಟೀಚರಿಗೆ ಮೊದಲೇ ಹೇಳಿದರು. ‘ನಾನ್ಯಾಕೆ ಬಿಡ್ಲಿ’ ಅಂದರು ಟೀಚರ್. ಮೀನಿನ ಚಂದಕ್ಕ, ‘ಬಿಡದೆ ಇದ್ರೆ ಇವತ್ತು ಮಳೆ ಬರತ್ತೆ ಬಿಡಿ’ ಅಂದಳು. ಜನ ನಕ್ಕರು. ಟೀಚರ್ ಚಂದಕ್ಕನ ಪಕ್ಕದ ಬೆಂಚಿನ ಮೇಲೆ ಕುಳಿತು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡರು.

ಮದ್ಲೇನ್ ಅಜ್ಜಿ ಬಾಸ್ತಿಯಾಂನ ಕೈ ಬಿಡಿಸಿಕೊಂಡು ಒಬ್ಬಳೇ ಮೂರು ಮೆಟ್ಟಿಲು ಹತ್ತಿದಳು. ನಾನು ತಟ್ಟೆಯನ್ನು ಎರಡು ಸಲ ಒರೆಸಿದೆ. ಅವಳು ಬಾಗಿದಳು. ಇಷ್ಟು ಜನ ನೋಡುತ್ತಿರುವಾಗ ಏನಾಯಿತೋ, ಅವಳ ಬಾಯಿಂದ ಬಂದದ್ದು ಫ್ರೆಂಚಲ್ಲ, ನಲವತ್ತು ವರ್ಷದ ಹಿಂದಿನ ಹಾಗೆಯೇ ನಮ್ಮ ಭಾಷೆ. ‘ಅಂಗಳ... ನಮಗೆ... ಅಂಗಳ ಇರು... ಇರಲು...’ ತಟ್ಟೆ ಅಲುಗಿತು, ಅಷ್ಟೇ. ನಾನು ಒಂದು ತೊಲದ ಬಟ್ಟು ಇಟ್ಟೆ, ತಟ್ಟೆ ಮೇಲಕ್ಕೆ ಹೋಯಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಜ್ಜಿಯ ಕಿವಿ ಕೆಂಪಾಯಿತು. ಮೆಟ್ಟಿಲಿನ ಕಡೆ ಒಂದು ಕಾಲು ತಿರುಗಿತು. ಅವಳು ಇಳಿದರೆ ಅಂಗಳ ಹೋಯಿತು ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಆಗ ಟೀಚರ್ ತಡೆದುಕೊಳ್ಳಲಿಲ್ಲ. ಕಾರ್ಯದರ್ಶಿಗಳ ಕಿವಿಗೆ ಬೀಳದ ಹಾಗೆ, ಶಾಲೆಯಲ್ಲಿ ಪಾಠ ಮರೆತ ಮಕ್ಕಳಿಗೆ ಹೇಳಿಕೊಟ್ಟ ಹಾಗೆ, ಬೆಂಚಿನಿಂದ ಮುಂದಕ್ಕೆ ಬಾಗಿ ಅಜ್ಜಿಗೆ ಫ್ರೆಂಚಿನಲ್ಲಿ ಏನೋ ಪಿಸುಗುಟ್ಟಿದರು. ಏನು ಹೇಳಬೇಕು ಎಂದು ಎತ್ತಿಕೊಟ್ಟಿದ್ದು.

ಮದ್ಲೇನ್ ಅಜ್ಜಿ ತಿರುಗಿ ಅವರನ್ನು ನೋಡಿದಳು. ಎರಡು ಕಾಲನ್ನೂ ಕಟ್ಟೆಗೆ ಊರಿ ನಿಂತಳು. ಆಮೇಲೆ ಇನ್ನೂರು ಮಾರು ದೂರದ ರಾಟೆಯವರಿಗೆ ಕೂಗುವ ಗಂಟಲಿನಲ್ಲಿ ಫ್ರೆಂಚು ಶುರು ಮಾಡಿದಳು. ತಡವರಿಕೆ ಇಲ್ಲ, ನಿಲುಗಡೆ ಇಲ್ಲ. ಬೆರಳು ತೋರಿಸಿದ್ದು ಟೀಚರ್ ಕಡೆಗೆ. ನಮಗೆ ಒಂದು ಮಾತೂ ತಿಳಿಯುತ್ತಿಲ್ಲ, ಆದರೆ ಬೈಗುಳ ಎಂದು ತಿಳಿಯಲು ಭಾಷೆ ಬೇಕೇ? ಹಗ್ಗದ ಕೇರಿಯವರು ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಒಬ್ಬಳು ಹೆಂಗಸು ಎದೆ ಮುಟ್ಟಿಕೊಂಡಳು. ಇತ್ತ ತಟ್ಟೆ ಇಳಿಯುತ್ತಿತ್ತು. ಕಾಲು ಸೇರು ಇಟ್ಟೆ, ಆ ಬಟ್ಟು ಎತ್ತಿ ಎಸೆದ ಹಾಗೆ ಮೇಲೆ ಹೋಯಿತು. ಒಂದು ಸೇರು ಇಟ್ಟೆ. ಎರಡು ಇಟ್ಟೆ. ಅವಳು ನಿಲ್ಲಿಸಲಿಲ್ಲ. ನಾಲ್ಕು ಸೇರಿನ ಹತ್ತಿರ ಸಮವಾಯಿತು ಎಂದುಕೊಂಡೆ, ಅಷ್ಟರಲ್ಲಿ ಅವಳಿಗೆ ಇನ್ನೊಂದು ವಿಷಯ ನೆನಪಾಯಿತು. ಐದೂಕಾಲು ಸೇರಿಗೆ ಉಸಿರು ಬಿಟ್ಟು ನಿಲ್ಲಿಸಿದಳು. ನನ್ನ ಕಾಲದಲ್ಲಿ ಒಬ್ಬರ ಮಾತೂ ಐದು ಸೇರು ದಾಟಿರಲಿಲ್ಲ.

ಕಾರ್ಯದರ್ಶಿಗಳು ಎದ್ದು ನಿಂತು, ‘ಏನು ಹೇಳಿದ್ರು?’ ಅಂದರು.

ಹೇಳಬೇಕಾದವರು ಟೀಚರ್. ಬೇರೆ ಏನಾದರೂ ಹೇಳಿಬಿಡಬಹುದಾಗಿತ್ತು, ಅಂಗಳ ಕೇಳಿದಳು ಎಂದರೆ ಮುಗಿಯುತ್ತಿತ್ತು. ಅಲ್ಲಿದ್ದ ಊರಿನವರಲ್ಲಿ ಅಷ್ಟು ಫ್ರೆಂಚು ಬರುವವರು ಬೇರೆ ಯಾರೂ ಇರಲಿಲ್ಲ, ಕೇರಿಯವರು ಬಾಯಿ ಬಿಡುತ್ತಿರಲಿಲ್ಲ. ಅವರು ಎದ್ದು ನಿಂತರು. ಸೀರೆಯ ನೆರಿಗೆ ಸರಿಮಾಡಿಕೊಂಡರು. ಮುಖ ಕೆಂಪಾಗಿತ್ತು. ‘ಬರ್ಕೋ ಚೆನ್ನಿಗ. ಒಂದಕ್ಷರ ಬಿಡ್ಬೇಡ’ ಅಂದರು.

‘“ಹನ್ನೆರಡು ವರ್ಷದಿಂದ ನೀನು ನನ್ನ ಒಂದು ಮಾತನ್ನೂ ಮುಗಿಸಲು ಬಿಟ್ಟಿಲ್ಲ” ಅಂದಳು. “ನನಗೆ ಹೊಟ್ಟೆನೋವು ಎಂದರೆ ಎಲ್ಲಿ ನೋವು ಅಂತ ನೀನೇ ಹೇಳುತ್ತೀಯ. ಬುಧವಾರ ನಾನು ಭಯ ಎನ್ನಲಿಲ್ಲ. ಬರುತ್ತೇನೆ, ನೀನು ಮಾತ್ರ ದೂರ ಕೂತುಕೋ ಎನ್ನಲು ಹೊರಟಿದ್ದೆ” ಅಂದಳು.’ ಜನರಲ್ಲಿ ಅಲ್ಲಲ್ಲಿ ನಗು ಬಂತು. ಟೀಚರ್ ಕಾಯ್ದರು, ನಗು ಇಳಿದ ಮೇಲೆ ಮುಂದುವರಿಸಿದರು. ‘“ಇಲ್ಲಿ ನಿಂತು ನಮ್ಮ ಕೇರಿ, ನಮ್ಮ ಅಂಗಳ ಅಂತೀಯ. ನಿನ್ನದು ಯಾವಾಗ ಆಯಿತು? ನಮ್ಮಜ್ಜಿ ಅಲ್ಲಿ ಹಿಂದಕ್ಕೆ ನಡೆದಳು. ನಮ್ಮಮ್ಮ ನನ್ನನ್ನು ಹೊಟ್ಟೆಯಲ್ಲಿ ಹೊತ್ತು ಹಿಂದಕ್ಕೆ ನಡೆದಳು. ನಾನು ಅರವತ್ತೆಂಟು ವರ್ಷ ನಡೆದಿದ್ದೇನೆ. ಹಿಂದಕ್ಕೆ ತಿರುಗಿ ನೋಡದೆ ನಡೆಯುತ್ತೇನೆ, ಏಕೆಂದರೆ ಅಲ್ಲಿಯ ಒಂದೊಂದು ಕಲ್ಲೂ ನನ್ನ ಹಿಮ್ಮಡಿಗೆ ಗೊತ್ತು. ನೀನು ಒಂದು ದಿನವಾದರೂ ಹಾಗೆ ನಡೆದಿದ್ದೀಯಾ? ಅದು ನನ್ನ ಅಂಗಳ. ನನ್ನ ಗಂಡನನ್ನು ಕೊಂದದ್ದು ಕಂಬ, ನನ್ನ ಹಗ್ಗವಲ್ಲ. ಅದನ್ನು ಹೇಳಲು ನಲವತ್ತು ವರ್ಷದಿಂದ ಇಲ್ಲಿಗೆ ಬರಬೇಕು ಎಂದುಕೊಂಡಿದ್ದೆ. ಬರೋಣ ಎಂದಾಗಲೆಲ್ಲ ನನ್ನ ಬದಲು ನೀನು ಬಂದಿರುತ್ತಿದ್ದೆ.”’

ಟೀಚರ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಆಮೇಲೆ ಇನ್ನೊಂದು ಹೇಳಿದಳು. “ನಿನ್ನ ಉಚ್ಚಾರಣೆ ಇನ್ನೂ ಕೆಟ್ಟದಾಗಿದೆ” ಅಂತ. ಅದನ್ನೂ ಬರ್ಕೋ.’

ಬರೆದುಕೊಂಡೆ. ಇಡೀ ಮಾರ್ಕೆಟ್ಟು ನಗುತ್ತಿತ್ತು, ಈ ಬಾರಿ ಅಜ್ಜಿಯೂ ನಗುತ್ತಿದ್ದಳು. ಕಾರ್ಯದರ್ಶಿಗಳು ನೋಟೀಸಿನ ಪ್ರತಿಯನ್ನು ಹಿಡಿದುಕೊಂಡು ಯೋಚಿಸಿದರು. ‘ಇದು ಅರ್ಜಿ ಅನ್ನಬಹುದಾ? ಪುರಸಭೆಯನ್ನ ಕೇಳಿದ್ದಲ್ಲ. ಇವರನ್ನ ಬೈದಿದ್ದು.’

‘ಸ್ವಾಮಿ’ ಅಂದೆ, ‘ನಿಯಮದಲ್ಲಿ ಮಾತು ಅಂತಿದೆ, ಅರ್ಜಿ ಅಂತಿಲ್ಲ. ಬೇಕಾದ್ರೆ ಓದಿ. ಬಾಯಿಯಿಲ್ಲದ ಜಾಗ ಅಂತ ನೀವು ನೋಟೀಸ್ ಹಚ್ಚಿದ್ರಿ. ಬಾಯಿ ಇದೆಯೋ ಇಲ್ವೋ ನೀವೇ ಕೇಳಿಸ್ಕೊಂಡ್ರಲ್ಲ. ನಂಗಂತೂ ಬಟ್ಟು ಸಾಲ್ಲಿಲ್ಲ.’

ವಾಮನಮೂರ್ತಿಗಳು ನಿಯಮದ ಪುಸ್ತಕ ತೆಗೆದು ಓದಿದರು, ಮುಚ್ಚಿದರು. ನಿಯಮದ ಮನುಷ್ಯ ಎಂದೆನಲ್ಲ, ಅದು ಎರಡು ಕಡೆಗೂ ನಿಜ. ನೋಟೀಸನ್ನು ಎಲ್ಲರೆದುರಿಗೆ ಹರಿದು ಜೇಬಿಗೆ ಹಾಕಿಕೊಂಡು, ಅಜ್ಜಿಗೆ ಕೈಮುಗಿದರು. ‘ಬಸ್ ಸ್ಟ್ಯಾಂಡಿಗೆ ಬೇರೆ ಜಾಗ ನೋಡ್ಬೇಕು’ ಎಂದು ತಮಗೆ ತಾವೇ ಹೇಳಿಕೊಂಡರು.

ಅಜ್ಜಿ ಇಳಿದು ನೇರ ಟೀಚರ್ ಹತ್ತಿರ ಬಂದಳು. ಬೈದವಳು ಅಪ್ಪಿಕೊಳ್ಳುತ್ತಾಳೆ ಎಂದು ಕಾಯುತ್ತಿದ್ದವರಿಗೆ ನಿರಾಸೆಯಾಯಿತು. ಅವಳು ಬೆಂಚಿನ ಮೇಲೆ ಅವರ ಪಕ್ಕಕ್ಕೆ ಕುಳಿತು, ಸುಸ್ತಾಯಿತು ಎನ್ನುವ ಹಾಗೆ ಕಾಲು ಚಾಚಿದಳು. ಟೀಚರ್ ತಮ್ಮ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕೊಟ್ಟರು. ಅವರು ಏನೂ ಮಾತಾಡದೆ ಯಾರಿಗಾದರೂ ಏನಾದರೂ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರ ಮುಖದಲ್ಲಿ ಅವಮಾನ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಶಾಲೆಯಲ್ಲಿ ಒಂದು ಲೆಕ್ಕವನ್ನು ತಾವು ಹೇಳಿಕೊಡದ ದಾರಿಯಲ್ಲಿ ಯಾರಾದರೂ ಬಿಡಿಸಿದರೆ ಅವರು ಬೋರ್ಡಿನಿಂದ ಹಿಂದೆ ಸರಿದು ನಿಂತು ನೋಡುತ್ತಿದ್ದರು, ಹಾಗೆ ನೋಡುತ್ತಿದ್ದರು.

ಕಟ್ಟೆಯ ಮುಂದೆ ಅಷ್ಟರಲ್ಲೇ ಸಾಲು ನಿಂತಿತ್ತು. ಹಗ್ಗದ ಕೇರಿಗೆ ಕೇರಿಯೇ, ಬಾಸ್ತಿಯಾಂ ಮೊದಲು. ಅವನು ಹತ್ತಿ, ತಟ್ಟೆಯ ಮೇಲೆ ಬಾಗಿ, ಎರಡು ಮಾತಾಡಿ ತಡವರಿಸಿದ. ಸತ್ತ ಅಪ್ಪನ ವಿಷಯ ಇರಬೇಕು, ಹೆಸರು ಕೇಳಿಸಿತು. ಮೂರನೆಯ ಮಾತಿಗೆ ನಿಂತುಹೋದ. ಟೀಚರ್ ಬೆಂಚಿನಿಂದ ಅರ್ಧ ಎದ್ದರು, ತುಟಿ ತೆರೆಯಿತು. ಸಾಲಿನಲ್ಲಿದ್ದ ಅರವತ್ತು ಮನೆಯವರೂ ಒಟ್ಟಿಗೆ ತಿರುಗಿ ನೋಡಿದರು. ಟೀಚರ್ ಕುಳಿತರು. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದರು.

ಬಾಸ್ತಿಯಾಂ ಮುಖ ಒರೆಸಿಕೊಂಡು ಮತ್ತೆ ತಟ್ಟೆಯ ಮೇಲೆ ಬಾಗಿದ. ಯಾರೂ ಎತ್ತಿಕೊಡಲಿಲ್ಲ. ಬಹಳ ಹೊತ್ತಾಯಿತು, ನಾನು ಬಟ್ಟು ಹಿಡಿದು ಕಾಯುತ್ತಲೇ ಇದ್ದೆ. ಕೊನೆಗೆ ಮಾತು ತಾನಾಗಿ ಬಂತು, ಮೊದಲು ಸಣ್ಣಗೆ, ಆಮೇಲೆ ಸರಾಗವಾಗಿ. ತಟ್ಟೆ ಮೆಲ್ಲಗೆ ಕೆಳಗಿಳಿಯತೊಡಗಿತು.

ಚಂದಕ್ಕನಿಗೆ ತಡೆಯಲಾಗಲಿಲ್ಲ. ಟೀಚರ್ ಮೊಣಕೈ ತಿವಿದು, ‘ಏನಂತಾನೆ ಟೀಚರ್? ನಮಗೂ ಹೇಳಿ’ ಅಂದಳು.

ಟೀಚರ್ ಕುತ್ತಿಗೆ ನೆಟ್ಟಗೆ ಮಾಡಿ, ಕಟ್ಟೆಯ ಮೇಲಿನಿಂದ ಕಣ್ಣು ತೆಗೆಯದೆ ಹೇಳಿದರು: ‘ಅವನು ಮುಗಿಸ್ಲಿ. ಅವನನ್ನೇ ಕೇಳು.’